ಡೀಲಿಯಾಳ ಹಾಡಿಗೆ ಕೋಲೀನನ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಿನ್‌ಡೂ ಊರಿನ ಕೊನೆಯಲ್ಲಿರುವ ಡೀಲಿಯಾಳ ಮನೆಯ ಅಡುಗೆಕೋಣೆಯಲ್ಲಿ ಕೋಲೀನ್ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಕೂತಿದ್ದಾನೆ. ಸದ್ದಾಗದಿರಲೆಂದು ಫ್ರಿಜ್ಜಿನ ಪ್ಲಗ್ ಕಿತ್ತಿಡಲಾಗಿದೆ. ಗೋಡೆ ಗಡಿಯಾರವನ್ನು ಇಳಿಸಿ ಒಳಕೋಣೆಯ ಮಂಚದ ಮೇಲೆ ಕಂಬಳಿ ಹೊದಿಸಿ ಮಲಗಿಸಲಾಗಿದೆ. ಕೋಳಿಗಳನ್ನು ಗೂಡಿನಿಂದ ಬಿಟ್ಟಿಲ್ಲ. ಎದುರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಡೀಲಿಯಾ ಹಾಡುತ್ತಿದ್ದಾಳೆ. ಅವಳ ಬಲಗೈ ಕೋಲೀನನ ಕೈಯಲ್ಲಿದೆ. ತುಂಬಿದ ಕೊಡವನ್ನು ಬಾವಿಯಿಂದ ಸೇದುವವನ ಹಾಗೆ ಅವನು ಆ ಕೈಯನ್ನು ನಿಧಾನವಾಗಿ ಸುತ್ತುತ್ತಾನೆ. ಸಾಲು ಏರಿದರೆ ಕೈ ಏರುತ್ತದೆ, ಸಾಲು ಇಳಿದರೆ ಕೈಯೂ ಇಳಿಯುತ್ತದೆ.

ಮೊದಲ ನುಡಿ ಮುಗಿಯುತ್ತದೆ.

“ದೇವರು ನಿನ್ನ ಜೊತೇಲಿರಲಿ ಕಣೇ ಹುಡುಗಿ!” ಕೋಲೀನ್ ಮಾಡು ಹಾರಿಹೋಗುವ ಹಾಗೆ ಕೂಗುತ್ತಾನೆ.

ಧ್ವನಿಮುದ್ರಣಕ್ಕೆಂದು ಡಬ್ಲಿನ್‌ನಿಂದ ಬಂದಿರುವ ಈಟಾ ಹೆಡ್‌ಫೋನ್ ಕಿತ್ತು, ಹಣೆಯನ್ನು ಮೇಜಿಗೆ ಆನಿಸುತ್ತಾಳೆ.

“ಕೋಲೀನ್ ಅವರೇ, ನಿನ್ನೆ ನಾನು ಏನು ಹೇಳಿದ್ದೆ?”

“ಕೂಗಬೇಡಿ ಅಂದಿದ್ರಿ.”

“ಮೊನ್ನೆ?”

“ಅದನ್ನೇ ಅಂದಿದ್ರಿ ತಾಯಿ. ನೀವು ಮಾತು ಬದಲಾಯಿಸೋರಲ್ಲ.”

ಅವನು ‘ಹುಡುಗಿ’ ಎಂದು ಕರೆದವಳಿಗೆ ಎಪ್ಪತ್ತಾರು. ಈ ಕರಾವಳಿಯಲ್ಲಿ ಅವಳ ಹಾಡು ಕೇಳದೆ ಮದುವೆಯೂ ಮುಗಿಯುವುದಿಲ್ಲ, ಹೆಣವೂ ಏಳುವುದಿಲ್ಲ. ಅವಳ ಹೆಸರು ಊರೂರಿಗೆ ಗೊತ್ತು. ಪಕ್ಕದಲ್ಲಿ ಕೈ ಹಿಡಿದು ಕೂರುವ ಮುದುಕನ ಹೆಸರನ್ನು ಮಾತ್ರ ಯಾರೂ ಕೇಳಿದವರಲ್ಲ. ಫೋಟೋಗಳಲ್ಲಿ ಅವನ ಕೈ ಮೊಣಕೈವರೆಗೆ ಬಂದಿರುತ್ತದೆ, ಆಮೇಲೆ ಕತ್ತರಿ.

ಕೋಲೀನ್ ಹೊಟ್ಟೆಪಾಡಿಗೆ ಕಡಲಪಾಚಿ ಕೊಯ್ಯುವವನು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಸೊಂಟ ಬಗ್ಗಿಸಿ ಕುಡುಗೋಲು ಹಾಕಿದರೆ, ನೀರು ಏರುವಷ್ಟರಲ್ಲಿ ಹತ್ತಿರಹತ್ತಿರ ಒಂದು ಟನ್ ಪಾಚಿಗೆ ಹಗ್ಗ ಕಟ್ಟಿ ತೇಲಿಸುತ್ತಾನೆ. ಬೆರಳುಗಳು ಬಂಡೆಯ ಹಾಗೇ ಒರಟು. ಹಾಡು? “ನಾನು ಬಾಯಿ ತೆಗೆದ್ರೆ ಕತ್ತೆಗಳಿಗೆ ಅವಮಾನ ಆಗುತ್ತೆ” ಎನ್ನುತ್ತಾನೆ.

ಹಾಡುವವರ ಕೈಯನ್ನು ಪಕ್ಕದವರೊಬ್ಬರು ಹಿಡಿದು ಸುತ್ತುವುದು ಈ ಕಡೆಯ ಪದ್ಧತಿ. ಮೊದಲು ಡೀಲಿಯಾಳ ಕೈ ಹಿಡಿಯುತ್ತಿದ್ದವನು ಅವಳ ಗಂಡ ಫೆಸ್ಟಿ. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ಅವಳು ಬಹಳ ಕಾಲ ಬಾಯಿ ಬಿಡಲಿಲ್ಲ. ಒಮ್ಮೆ ನೆರೆಮನೆಯ ಸಾವಿಗೆ ಹೋದಾಗ ಹಾಡು ತಾನಾಗಿ ಬಂತು. ಕೈ ಮಡಿಲಲ್ಲಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ತುಂಬಿದ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ವಿಧವೆಯ ಕೈ, ನಾಳೆ ಊರು ಏನನ್ನುತ್ತದೋ. ಪಕ್ಕದಲ್ಲಿ ಸ್ಟೂಲಿನ ಮೇಲಿದ್ದ ಕೋಲೀನ್ ಹಿಡಿದುಬಿಟ್ಟ. ಅವನ ಹೆಂಡತಿ ಮ್ಯಾಗಿ ಅಂದದ್ದಿಷ್ಟೇ: “ಹಿಡಿ, ಬೇಡ ಅನ್ನಲ್ಲ. ಹಾಡು ಮುಗಿದ ಮೇಲೆ ನಿನ್ನ ಕೈ ಮರೀದೆ ಮನೆಗೆ ತಗೊಂಡು ಬಾ.”

ಈಗ ಹೊಸ ಆಲ್ಬಂ. ಹಿಂದಿನ ಎರಡೂ ಗಾಲ್ವೇ ಪೇಟೆಯ ಗಾಜಿನ ಕೋಣೆಯಲ್ಲಿ ಆದವು. ಡೀಲಿಯಾ ಒಬ್ಬಳೇ ಒಳಗೆ, ಕೋಲೀನ್ ಹೊರಗೆ ಕಾರಿನಲ್ಲಿ ಚಹಾ ಕುಡಿಯುತ್ತಾ. ಆ ಹಾಡುಗಳು ರೇಡಿಯೋದಲ್ಲಿ ಬಂದರೆ ಡೀಲಿಯಾ ಎದ್ದು ಹೋಗಿ ಆರಿಸುತ್ತಾಳೆ. “ಅದು ನಾನಲ್ಲ, ನನ್ನ ಹೆಣ ಹಾಡ್ತಿದೆ.” ಹಾಗಾಗಿ ಈ ಸಲ ಅವಳದೇ ಷರತ್ತು: ನನ್ನ ಮನೆ, ನನ್ನ ಕುರ್ಚಿ, ಕೋಲೀನನ ಕೈ.

ಅರ್ಧ ಅವಳೇ ಕಟ್ಟಿದ ಹಾಡುಗಳು, ಅರ್ಧ ಬೇರೆಯವರವು. ಈಟಾ ಅವನ್ನು ಬೇರೆಬೇರೆ ಇಡುವುದು ಕೂಡ ಕೋಲೀನನಿಗೆ ರೇಗುತ್ತದೆ. “ಒಬ್ಬರ ಹಾಡು ಇನ್ನೊಬ್ಬರು ಹಾಡ್ದೆ ಮತ್ತೇನು, ಗೋಡೆ ಹಾಡುತ್ತಾ?”

ಚಿಕ್ಕ ಹಾಡುಗಳೆಲ್ಲ ಮುಗಿದಿವೆ. ಅವುಗಳಲ್ಲಿ ಕೂಗು ಕೊನೆಗೆ ಬರುತ್ತಿತ್ತು, ಈಟಾ ಕತ್ತರಿಸಿ ತೆಗೆದಳು. ಉಳಿದಿರುವುದು ಡೀಲಿಯಾ ಫೆಸ್ಟಿಯ ಮೇಲೆ ಕಟ್ಟಿದ ಉದ್ದನೆಯ ಹಾಡು. ಇದರಲ್ಲಿ ಕೂಗು ನಡುನಡುವೆ ಬಂದು ಮುಂದಿನ ಸಾಲಿಗೆ ಅಂಟಿಕೊಳ್ಳುತ್ತದೆ, ಕತ್ತರಿಸಲಾಗದು. ಅದಿಲ್ಲದೆ ಆಲ್ಬಂ ಬೇಡವೇ ಬೇಡ ಎಂದು ಅವಳು ಕೂತಿದ್ದಾಳೆ. ಆದರೆ ಅವಳ ಶ್ವಾಸಕೋಶ ಸೋತಿದೆ. ಮುಂದಿನ ವರ್ಷಕ್ಕೆ ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು. ಇಷ್ಟು ಉದ್ದದ ಹಾಡು ಒಂದು ಬೆಳಗಿಗೆ ಒಂದೇ ಸಲ ಸಾಧ್ಯ. ಬೆಳಕು ಬಲಿತರೆ ರಸ್ತೆಗೆ ಟ್ರ್ಯಾಕ್ಟರು, ಮೀನಿನ ಲಾರಿ. ಹೀಗಾಗಿ ಒಂದು ಕೂಗು ಎಂದರೆ ಒಂದು ದಿನ ನೀರಿಗೆ. ಈಟಾ ಶನಿವಾರ ಹೊರಡಬೇಕು.

ಅವಳು ಮಾಡದ ಉಪಾಯವಿಲ್ಲ. ಬಾಯಲ್ಲಿ ಇಟ್ಟುಕೊಳ್ಳಲು ಪೆಪ್ಪರಮೆಂಟು ಕೊಟ್ಟಳು. ಅವನು ಅದನ್ನು ಕಟಕಟನೆ ಕಡಿದು ನುಂಗಿ, ಆಮೇಲೆ ಕೂಗಿದ. ಕೋಲೀನನ ಕೈಯ ಬದಲು ಹಿಡಿದುಕೊಳ್ಳಲು ಹಗ್ಗ ಕಟ್ಟಿಕೊಡಲೇ ಎಂದು ಡೀಲಿಯಾಳನ್ನು ಕೇಳಿದಳು.

“ಹಗ್ಗ ಕಟ್ಟೋಕೆ ನಾನೇನು ಹಸು ಅಂದ್ಕೊಂಡ್ಯಾ?” ಎಂದ ಡೀಲಿಯಾ ಕೋಲೀನನ ಕಡೆ ತಿರುಗುತ್ತಾಳೆ. “ನೀನೂ ಅಷ್ಟೇ. ಫೆಸ್ಟಿ ಬದುಕಿದ್ದಾಗ ಮೆಲ್ಲಗೆ ಅಂತಿದ್ದ. ನೀನ್ಯಾಕೋ ಬೆಂಕಿ ಬಿದ್ದವನ ಹಾಗೆ ಅರಚ್ತೀಯಾ?”

ಕೋಲೀನ್ ಬೂಟು ಏರಿಸಿಕೊಂಡು ದಡದತ್ತ ನಡೆಯುತ್ತಾನೆ. ಹಾಡುವಾಗ ನುಡಿನುಡಿಗೂ ಪಕ್ಕದವರು ಹುರುಪು ತುಂಬಿ ಕೂಗುವುದು ಇಲ್ಲಿನ ರೂಢಿ. ಸುಮ್ಮನೆ ಕೂತರೆ ಹಾಡು ಹಿಡಿಸಲಿಲ್ಲ ಎಂದೇ ಅರ್ಥ. ಆದರೆ ಅವನು ಮಾಡು ಹಾರುವ ಹಾಗೆ ಕೂಗುವುದಕ್ಕೆ ಬೇರೆಯದೇ ಕಾರಣವಿದೆ. ಅದನ್ನು ಹೇಳುವಂತಿಲ್ಲ. ಪಾಚಿಯ ಮೇಲೆ ಕುಡುಗೋಲು ಬೀಸುತ್ತಾ ಬಂಡೆಗಳನ್ನು ಬೈಯುತ್ತಾನೆ, ನೀರನ್ನು ಬೈಯುತ್ತಾನೆ, ಮೈಕು ಕಂಡುಹಿಡಿದವನ ವಂಶವನ್ನೇ ಬೈಯುತ್ತಾನೆ.

ಗುರುವಾರ ಬೆಳಿಗ್ಗೆ ಈಟಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ. “ಇವತ್ತು ಕೂಗಿದ್ರೆ ನಾಳೆಯಿಂದ ನೀವು ಹೊರಗೆ. ಆಗಬಹುದಾ?”

“ಬಾಯಿ ಮುಚ್ಚಿದ್ರೆ ನಿಮಗೇ ನಷ್ಟ ತಾಯಿ.”

“ನಷ್ಟ ನಾನು ನೋಡ್ಕೋತೀನಿ.”

ಡೀಲಿಯಾ ಹಾಡುತ್ತಾಳೆ. ಕೋಲೀನ್ ತುಟಿ ಕಚ್ಚಿಕೊಂಡು ಕೈ ಸುತ್ತುತ್ತಾನೆ. ಮೊದಲ ನುಡಿ ಮುಗಿಯುತ್ತದೆ, ಕೂಗಿಲ್ಲ. ಎರಡನೆಯದು, ಮೂರನೆಯದು. ಕೊನೆಯವರೆಗೂ ಅವನು ಕಲ್ಲು. ಈಟಾ ಮಾತ್ರ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ, ಮುಖದಲ್ಲಿ ಗೆದ್ದ ಕಳೆಯಿಲ್ಲ.

“ಹಾಕು, ಕೇಳೋಣ” ಎನ್ನುತ್ತಾಳೆ ಡೀಲಿಯಾ.

ಈಟಾ ಹಿಂಜರಿಯುತ್ತಾಳೆ, ಕೊನೆಗೆ ಹಾಕುತ್ತಾಳೆ. ಹಾಡು ಚೆನ್ನಾಗಿದೆ. ಆದರೆ ಪ್ರತಿ ನುಡಿ ಮುಗಿದ ಕೂಡಲೇ ಒಂದು ಸದ್ದು. ಒದ್ದೆ ಮರಕ್ಕೆ ತುಕ್ಕು ಗರಗಸ ಎಳೆದಂತೆ, ಉದ್ದಕ್ಕೆ, ಗೊರಗೊರ. ಮೂರನೆಯ ನುಡಿಯ ಕೊನೆಯಲ್ಲಿ ಅದು ಎಷ್ಟು ಹೊತ್ತು ಎಳೆಯುತ್ತದೆಂದರೆ ಈಟಾ ಕಿಟಕಿಯ ಕಡೆ ನೋಡತೊಡಗುತ್ತಾಳೆ.

“ಏನದು?” ಡೀಲಿಯಾ ಕೇಳುತ್ತಾಳೆ.

“ನನ್ನ ಮೂಗು” ಎನ್ನುತ್ತಾನೆ ಕೋಲೀನ್ ತಟ್ಟನೆ. “ನೆಗಡಿ. ದರಿದ್ರದ್ದು.”

ಡೀಲಿಯಾ ಅವನನ್ನು ಬಹಳ ಹೊತ್ತು ನೋಡುತ್ತಾಳೆ. “ನಾಳೆ ಮೂಗು ಒರೆಸ್ಕೊಂಡು ಬಾರೋ, ಹೊಲಸು ಮುದುಕ.”

ಅಂಗಳದಲ್ಲಿ ಈಟಾ ಅವನ ಹಿಂದೆಯೇ ಬರುತ್ತಾಳೆ. “ಎಷ್ಟು ದಿನದಿಂದ ಹೀಗೆ?”

“ಹೋದ ಚಳಿಗಾಲದಿಂದ. ಉಸಿರು ತೀರೋ ಹೊತ್ತಿಗೆ ಅವಳ ಬೆರಳು ಬಿಗಿಯುತ್ತೆ, ಆಗ ಆ ಸದ್ದು ಮುಚ್ಚೋ ಹಾಗೆ ಕೂಗ್ತೀನಿ. ಅವಳ ಉಸಿರು ದೊಡ್ಡದಾಯ್ತು, ನನ್ನ ಬಾಯೂ ದೊಡ್ಡದಾಯ್ತು. ಮದುವೆಮನೇಲಿ ಅಷ್ಟು ಜನರ ಮುಂದೆ ಅದು ಕೇಳಿಸ್ಬೇಕಾ? ನಿಮಗೆ ಬಿಡಿಸಿ ಹೇಳೋಣ ಅಂದ್ರೆ ಅವಳು ಪಕ್ಕದಲ್ಲೇ. ಹೇಳದಿದ್ರೆ ನೀವು ದಿನಾ ನನ್ನ ತಲೆ ತಿಂತೀರಿ. ಸಾಕಾಗಿಹೋಗಿದೆ ನನಗೆ!”

ಶುಕ್ರವಾರ. ಡೀಲಿಯಾ ಕುರ್ಚಿಯಲ್ಲಿ ಕೂತು ಕೈ ಚಾಚುತ್ತಾಳೆ. “ಇವತ್ತು ಬಾಯಿ ಮುಚ್ಕೊಂಡ್ರೆ ಎದ್ದು ಹೋಗ್ತೀನಿ ನೋಡು. ಮೂರನೇ ನುಡಿ ಆದಮೇಲೆ ಸ್ವಲ್ಪ ಉದ್ದಕ್ಕೆ ಕೂಗು. ಅಲ್ಲಿ ನನಗೆ ಸಾಲಲ್ಲ.”

ಕೋಲೀನನ ಕೈ ನಿಲ್ಲುತ್ತದೆ. “ನಿನಗೆ ಗೊತ್ತಿತ್ತಾ?”

“ನನ್ನ ಎದೆ ನನಗೆ ಗೊತ್ತಿರಲ್ವೇನೋ ಪೆದ್ದ? ಇಷ್ಟು ಜೋರಾಗಿ ಕೇಳುತ್ತೆ ಅಂತ ಗೊತ್ತಿರ್ಲಿಲ್ಲ, ಅಷ್ಟೇ. ಸುತ್ತು ಕೈನ.”

ಅವನು ಸುತ್ತುತ್ತಾನೆ. ನುಡಿನುಡಿಗೂ ಕೂಗುತ್ತಾನೆ. ಮೂರನೆಯದಕ್ಕೆ ದೇವರ ಹೆಸರು ಹಿಡಿದು ಡೀಲಿಯಾಳ ಅಪ್ಪ, ಅಜ್ಜಿ, ಹುಟ್ಟಿದ ಊರು ಎಲ್ಲವನ್ನೂ ಸೇರಿಸಿ ಹರಸುತ್ತಾನೆ. ಈಟಾ ಒಮ್ಮೆಯೂ ಹಣೆಯನ್ನು ಮೇಜಿಗೆ ಆನಿಸುವುದಿಲ್ಲ.

ಹಾಡು ಮುಗಿದಾಗ ಇಳಿತ ಆಗಲೇ ಅರ್ಧವಾಗಿದೆ. ಕೋಲೀನ್ ಹೊಸ್ತಿಲಲ್ಲಿ ಕೂತು ಒದ್ದೆ ಬೂಟಿಗೆ ಕಾಲು ತುರುಕುತ್ತಾ ಗೊಣಗುತ್ತಿದ್ದಾನೆ. ಆಲ್ಬಮ್ಮಿನ ಮೇಲೆ ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಈಟಾ ಕೇಳುತ್ತಾಳೆ.

“ಹೆಸರು ಬೇಡ ತಾಯಿ. ಹಾಕಿದ್ರೆ ಯಾರಾದ್ರೂ ನನ್ನನ್ನೇ ಹಾಡು ಅಂತಾರೆ.” ಕುಡುಗೋಲು ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವನು ತಿರುಗುತ್ತಾನೆ. “ಕೇಳೋರಿಗೆ ಒಂದು ಮಾತು ಹೇಳಿ. ಹಾಡು ಪೂರ್ತಿ ಕೇಳ್ಲಿ. ಕೇಳಿ, ಅವಳು ಎಲ್ಲಿ ಉಸಿರು ತಗೊಂಡ್ಲು ಅಂತ ತೋರಿಸ್ಲಿ ನೋಡೋಣ.”