ತಂಬಾಕಿನ ಗಾಳಿಗೆ ವಾರಂಟಿ ಇಲ್ಲ

ನಿಪ್ಪಾಣಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ ನನ್ನದು. ಆಸೆಪಟ್ಟು ಕೊಂಡ ತುಟ್ಟಿ ಲ್ಯಾಪ್‌ಟಾಪ್ ವರ್ಷ ತುಂಬುವ ಮೊದಲೇ ಕಾದ ಹಂಚಿನಂತಾಗಿ, ಕೆಲಸದ ನಡುವೆಯೇ ಬಂದ್ ಆಗತೊಡಗಿತು. ಬೆಳಗಾವಿಯ ಸರ್ವಿಸ್ ಸೆಂಟರಿಗೆ ಒಯ್ದೆ.

ಕೌಂಟರಿನಲ್ಲಿ ಟೈ ಕಟ್ಟಿ ನಿಂತಿದ್ದವನು ಫ್ಯಾನಿನ ಜಾಲರಿಗೆ ಟಾರ್ಚ್ ಬಿಟ್ಟು ಮುಖ ಕಿವುಚಿದ.

"ಒಳಗೆಲ್ಲ ತಂಬಾಕಿನ ಪುಡಿ ಐತ್ರಿ ಮೇಡಂ. ತಂಬಾಕ ತಿಂತೀರೇನ್ರಿ?"

"ನಾ ತಿನ್ನಂಗಿಲ್ರಿ. ನಮ್ಮ ಓಣಿ ತುಂಬ ತಂಬಾಕಿನ ವಖಾರಿ, ಗೋದಾಮು ಅದಾವ. ಸುಗ್ಗ್ಯಾಗ ನಮ್ಮೂರ ಗಾಳೀನ ಹಂಗ."

ಅವನು ನಂಬಲಿಲ್ಲ. "ಇದು ಗಿರಾಕಿ ತಪ್ಪು ಅಂತ ಆಗತೈತ್ರಿ. ವಾರಂಟಿ ಬರಂಗಿಲ್ಲ. ಪೂರಾ ಬೋರ್ಡ್ ಬದಲಿ ಮಾಡಬೇಕು."

ಅವನು ಹೇಳಿದ ಖರ್ಚಿನಲ್ಲಿ ಇನ್ನೊಂದು ಲ್ಯಾಪ್‌ಟಾಪೇ ಬರುತ್ತಿತ್ತು.

"ಬರೇ ಧೂಳ ಝಾಡಿಸಿ ಕೊಡ್ರಿ."

"ಹಂಗ ಮಾಡಾಕ ಕಂಪನಿ ರೂಲ್ ಇಲ್ರಿ."

ನನಗೆ ಪಿತ್ತ ನೆತ್ತಿಗೇರಿತು. 'ತೆರೆದರೆ ವಾರಂಟಿ ರದ್ದು' ಎಂದು ಸ್ಕ್ರೂ ಮೇಲೆ ಅಂಟಿಸಿದ್ದ ಚೀಟಿಯನ್ನು ಅವನೆದುರೇ ಉಗುರಿನಿಂದ ಕಿತ್ತೆ.

"ಅಯ್ಯ, ವಾರಂಟಿ ಹೋತಲ್ರಿ!"

"ಇಲ್ಲಂತ ನೀವ ಹೇಳಿದ್ರಲ್ಲ. ಇಲ್ಲದ್ದು ಎಲ್ಲಿಂದ ಹೋಗತೈತಿ? ಸ್ಕ್ರೂಡ್ರೈವರ್ ಕೊಡ್ರಿ."

ಗಾಬರಿಯಲ್ಲಿ ಕೊಟ್ಟೇಬಿಟ್ಟ. ಅಲ್ಲೇ ಮುಚ್ಚಳ ಬಿಚ್ಚಿ, ಜಾಲರಿಗೆ ಮೆತ್ತಿದ್ದ ಧೂಳನ್ನು ಸೆರಗಿನ ತುದಿಯಿಂದ ಕೆದರಿ, ಫೂ ಎಂದು ಊದಿದೆ. ಗುಂಡಿ ಒತ್ತಿದಾಗ ಫ್ಯಾನ್ ಗರಗರ ತಿರುಗಿ, ಉಳಿದ ಪುಡಿಯನ್ನೂ ಎ.ಸಿ. ಕೋಣೆಗೆಲ್ಲ ಹಾರಿಸಿತು. ಅವನು ಸೀನಿದ, ಟೈಯಿಂದ ಕಣ್ಣೊರೆಸಿಕೊಂಡ, ಮತ್ತೆ ಸೀನಿದ.

"ತಂಬಾಕ ತಿಂತೀರೇನ್ರಿ?" ಅಂದೆ.

ಸೀನುತ್ತಲೇ ಇಲ್ಲವೆಂದು ತಲೆಯಾಡಿಸಿದ. ನಾನಂತೂ ಅವನ ಮಾತು ನಂಬಿದೆ.