ನನಗೆ ಮರೆವು ಎಂದ ಹುಡುಗಿ

ಮಕ್ಕಳೇ, ಇದು ಹೋದ ವರ್ಷ ದೀಪಾವಳಿ ಮುಗಿದ ವಾರದ ಮಾತು. ನೀವು ಸಾಲೆಗೆ ಹೋಗಿದ್ದಿರಿ, ನಿಮ್ಮ ಅಪ್ಪ-ಅವ್ವ ಕೆಲಸಕ್ಕೆ ಹೋಗಿದ್ದರು. ಬೈರಿದೇವರಕೊಪ್ಪದ ಮನೆಯಲ್ಲಿ ನಾನೊಬ್ಬಳೇ ಇದ್ದೆ. ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಬಂದಳು. ಹೆಸರು ಶಬಾನಾ. ವಯಸ್ಸಾದವರ ನೆನಪಿನ ಶಕ್ತಿ ನೋಡಲು ಕಾಲೇಜಿನವರು ಕಳಿಸಿದ್ದರಂತೆ.

ಕುಳಿತವಳೇ ಫೋನಿನಲ್ಲಿ ಗೆಳತಿಗೆ ಹೇಳಿದಳು: "ನನಗೂ ಒಬ್ಬ ಅಜ್ಜಿ ಸಿಕ್ಕಾರ ನೋಡ. ಕಲಿತ ಮ್ಯಾಲೆ ನಾ ಅಂತೂ ಆಪರೇಷನ್ ಥಿಯೇಟರಿಗೇ ಹೋಗಾಕಿ. ಅಲ್ಲೆ ಪೇಶಂಟ್ ಮಾತಾಡಂಗಿಲ್ಲ. ಈ ಮುದುಕರು ಹೇಳಿದ್ದನ್ನ ಹೇಳತಾರ."

ನನಗೆ ಕಿವಿ ಕೇಳುವುದಿಲ್ಲವೆಂದು ಅವಳೇ ತೀರ್ಮಾನಿಸಿದ್ದಳು. ಕೇಳಿಸುತ್ತದೆ ಎನ್ನಲು ನನಗೂ ಸಂಕೋಚ.

ಆಮೇಲೆ ಕಿವಿಯ ಹತ್ತಿರ ಬಂದು ಒದರಿ ಕೇಳತೊಡಗಿದಳು. ಇವತ್ತು ಯಾವ ವಾರ, ಮುಂಜಾನೆ ಏನು ತಿಂದಿರಿ. ಎಲ್ಲ ಸರಿಯಾಗಿ ಹೇಳಿದೆ.

"ನಿಮ್ಮ ಯಜಮಾನ್ರ ಹೆಸರೇನ್ರಿ?"

ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ. ನಮ್ಮ ಕಾಲದವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ತಿಳಿಸಿ ಹೇಳುವುದಕ್ಕೂ ನಾಚಿಕೆ.

"ನೆನಪ ಮಾಡ್ಕೋರಿ ಅಜ್ಜಿ. ಮಲ್ಲಪ್ಪ? ಶಿವಪ್ಪ? ಈರಪ್ಪ?" ಎನ್ನುತ್ತ ಓಣಿಯ ಗಂಡಸರನ್ನೆಲ್ಲ ನನಗೆ ಕಟ್ಟುತ್ತ ಹೋದಳು. ಒಬ್ಬೊಬ್ಬರಿಗೂ ನಾನು ಗಾಬರಿಯಿಂದ ತಲೆ ಅಲ್ಲಾಡಿಸಿದೆ.

ಅಷ್ಟರಲ್ಲಿ ಅವಳಿಗೆ ಪಾಠ ಹೇಳುವ ಮೇಡಂ ಬಂದರು.

"ಅಜ್ಜಿಗೆ ಮರವು ಭಾಳ ಐತ್ರಿ ಮೇಡಂ. ಗಂಡನ್ನೇ ಮರತಾರ. ಮಗನಿಗೆ ಫೋನ್ ಹಚ್ಚಿ, ಗ್ಯಾಸ್ ಒಲಿ ಹತ್ರ ಬಿಡಬ್ಯಾಡ್ರಿ ಅಂತ ಹೇಳೂಣ್ರಿ."

ಆ ಫೋನ್ ಹೋದರೆ ನನ್ನ ಕತೆ ಮುಗಿಯಿತು. ನಿಮ್ಮ ಅಪ್ಪನ ಸ್ವಭಾವ ಗೊತ್ತಲ್ಲ, ಅಂದೇ ನನ್ನನ್ನು ಅಡಿಗೆಮನೆಯಿಂದ ಹೊರಗೆ ಹಾಕುತ್ತಿದ್ದ. ನಿಮಗೆ ರೊಟ್ಟಿ ಬಡಿದು ಹಾಕುವುದನ್ನು ಬಿಟ್ಟರೆ ನನಗೆ ಬೇರೆ ಏನಿದೆ?

ಮೇಡಂ ನಮ್ಮ ಕಡೆಯ ಮಾಳಮಡ್ಡಿಯವರು, ಈ ರೂಢಿ ಬಲ್ಲವರು. ನಕ್ಕುಬಿಟ್ಟರು. "ಅವರು ಮರತಿಲ್ಲವ್ವಾ, ನಾಚ್ಕೊಂಡಾರ. ಅಜ್ಜಿ, ಒಡಪು ಹಾಕಿ ಹೇಳ್ರಿ."

ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವುದೇ ಒಡಪು. ಒಲೆ ಉಳಿಸಿಕೊಳ್ಳಬೇಕಲ್ಲ, ಧೈರ್ಯ ಮಾಡಿದೆ:

"ಬಿಳಿ ಕೋಟು ಹಾಕ್ಕೊಂಡು ಬಂದಾರ ಹುಡುಗ್ಯಾರು,
ನನಗ ಮರವು ಅಂದ್ರ ನಕ್ಕಾರು ನಮ್ಮ ಚನ್ನಬಸಪ್ಪನವರು."

ಶಬಾನಾ ನಾಲಿಗೆ ಕಚ್ಚಿಕೊಂಡಳು. "ನಾ ಫೋನ್‌ನ್ಯಾಗ ಅಂದದ್ದೂ ಕೇಳಿತೇನ್ರಿ?"

"ಕೇಳಿತವ್ವಾ. ನೀ ಆ ಥಿಯೇಟರಿಗೇ ಹೋಗು. ಮುದುಕರ ಮುಂದ ಹಿಂಗ ಒದರಿದ್ರ ನಿನ್ನ ಗಂಟಲಾ ಉಳಿಯಂಗಿಲ್ಲ."

ಮುಂದಿನ ವಾರ ಯಾರೂ ಕಳಿಸದೆಯೇ ಬಂದಳು. ದೂರ ಕುಳಿತು, ಮೆಲ್ಲಗೆ, ಇನ್ನೊಂದು ಒಡಪು ಕೇಳಿದಳು.

ನಿಮ್ಮ ಅಜ್ಜ ಹೋದ ಮೇಲೆ ಮದುವೆಗಳಲ್ಲಿ, ಬಸುರಿಯರ ಕುಬಸಗಳಲ್ಲಿ ಯಾರೂ ನನಗೆ ಒಡಪು ಹೇಳು ಎನ್ನುತ್ತಿರಲಿಲ್ಲ. ನಾನೂ ಹಿಂದೆಯೇ ಕೂಡುತ್ತಿದ್ದೆ. ಅವರ ಹೆಸರು ನನ್ನ ಬಾಯಿಂದ ಬಂದ ಆ ಮಧ್ಯಾಹ್ನವನ್ನು ನೆನೆದರೆ, ಒಬ್ಬಳೇ ಇದ್ದಾಗಲೂ ನನ್ನ ಮುಖ ಕೆಂಪಾಗುತ್ತದೆ.