ಮೈಕು ಮುಚ್ಚಿಟ್ಟ ಎಂಟು ತಿಂಗಳು

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನಾಚಿಕೆಯಿಲ್ಲ. ಅರಕೇರಾದಿಂದ ಮಾನ್ವಿ ಸೀಮೆಗೆ ಬಂದು, ಮಲ್ಲಟದ ಹತ್ತಿರ ಒಬ್ಬ ಸಾಹುಕಾರರ ಟ್ರ್ಯಾಕ್ಟರ್ ಹಿಡಿದೆ. ನಾಟಿಗೆ ಮೊದಲು ಕಬ್ಬಿಣದ ಗಾಲಿ ಹಾಕಿ ಕೆಸರನ್ನು ಹಿಟ್ಟಿನಂತೆ ಕಲಸುವುದರಲ್ಲಿ ನನ್ನ ಸಮಕ್ಕೆ ನಿಲ್ಲುವವರು ಆ ಸುತ್ತಿನಲ್ಲಿ ಇಬ್ಬರೋ ಮೂವರೋ ಇದ್ದಾರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಮುಂದಿನದನ್ನು ಓದಿ ಯಾರೂ ನನ್ನನ್ನು ಕೆಲಸಗಳ್ಳ ಅಂದುಕೊಳ್ಳಬಾರದು.

ಕಾಲುವೆಯ ನೀರು ಗದ್ದೆಗೆ ಏರುವ ತನಕ ನಮಗೆ ಕೆಲಸವಿಲ್ಲ. ಒಂದು ತಾಸು, ಕೆಲವೊಮ್ಮೆ ಎರಡು. ಆ ಹೊತ್ತಿನಲ್ಲಿ ಟ್ರ್ಯಾಕ್ಟರಿನ ನೆರಳಿಗೆ ಕುಳಿತು ಫೋನಿನಲ್ಲಿ ಗುಂಡಿನ ಆಟ ಆಡುತ್ತಿದ್ದೆ. ನಾಲ್ವರ ತಂಡ ವಿಮಾನದಿಂದ ದ್ವೀಪಕ್ಕೆ ಹಾರಬೇಕು, ಕೊನೆಗೆ ಉಳಿದವರು ಗೆದ್ದಂತೆ. ಮೊದಲ ದಿನವೇ ಆಟ ಕೇಳಿತು, ಗಂಡೋ ಹೆಣ್ಣೋ ಎಂದು. ಹೆಣ್ಣನ್ನು ಒತ್ತಿದೆ. ಕೆಂಪು ಜಾಕೀಟು, ಎತ್ತಿ ಕಟ್ಟಿದ ಕೂದಲು. ಹುಡುಗಿಯಾದರೆ ತಂಡದವರು ತಮ್ಮ ಔಷಧಿ, ಗುಂಡು ಬಿಟ್ಟುಕೊಡುತ್ತಾರೆಂದು ಯಾರೋ ಹೇಳಿದ್ದರು. ಅದು ನನಗೆ ನಾನೇ ಕೊಟ್ಟುಕೊಂಡ ಕಾರಣ.

ಮೈಕು ಮುಚ್ಚಿಯೇ ಇಡುತ್ತಿದ್ದೆ. ಅವರು ಮಾತಾಡುತ್ತಿದ್ದರು, ನಾನು ಬೆರಳಿನಿಂದ ಎರಡೆರಡೇ ಪದ ಒತ್ತುತ್ತಿದ್ದೆ. ದಿನಾ ಜೊತೆಗೆ ಆಡುತ್ತಿದ್ದ ಮೂವರಲ್ಲಿ ಇಬ್ಬರು ಕಾಲೇಜು ಹುಡುಗರು, ಬಾಯಿ ನಿಲ್ಲದವರು.

“ಅಕ್ಕಾ, ಗುಂಡು ಹೊಡಿ ಅಂದ್ರ ಗಿಡದ ಹಿಂದ ಕುಂತು ರೊಟ್ಟಿ ಬಡ್ಯಾಕತ್ತಿಯೇನು?”

“ಬಡೀಲಿ ಬಿಡಲೇ, ನಿನಗೊಂದು ಕೊಡ್ತಾಳ.”

ತಂಡದ ನಾಯಕ ಮಾತ್ರ ಹಾಗಲ್ಲ. ಅವನು ರಾಯಚೂರಿನವನು, ನನ್ನ ವಯಸ್ಸಿನವನೇ, ಓದಿ ಮುಗಿಸಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದ. ಗಿರಾಕಿ ಬಂದರೆ ಆಟದ ನಡುವೆಯೇ “ಎರಡೂ ಕಡೆ ಬೇಕೇನ್ರಿ?” ಎಂದು ಕೇಳುವುದು ನಮಗೆಲ್ಲ ಕೇಳಿಸುತ್ತಿತ್ತು. ನನಗೆ ಗುಂಡು ತಗಲಿದಾಗ ಅವನ ದನಿ ಕೆಳಗಿಳಿಯುತ್ತಿತ್ತು. “ಗಾಯ ಆತೇನು? ನನ್ನ ಹಿಂದ ಬಾ. ನಾ ಅದೀನಿ.”

ನನ್ನಂಥ ಗಂಡಸಿಗೆ ಹಾಗೆ ಯಾರೂ ಹೇಳುವುದಿಲ್ಲ. ಕೆಸರಿನಲ್ಲಿ ಕಾಲು ಸೀಳಿದರೂ “ಡೀಸೆಲ್ ಹಾಕ್ಕೋ” ಅನ್ನುತ್ತಾರೆ. ಆ ದನಿ ಕೇಳಿದ ದಿನ ಗಾಲಿ ಹೊಡೆಯುವಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನಾನು ಹೆಣ್ಣಾಗಬೇಕೆಂದಿದ್ದೇನೆಯೇ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಸೀರೆ ಉಡುವ ಆಸೆ ಹುಟ್ಟಲಿಲ್ಲ. ನನ್ನ ಮೀಸೆ ನನಗೆ ಇಷ್ಟ. ಅವನು ಆ ಮಾತನ್ನು ಈ ಮೀಸೆಗೇ ಹೇಳಬೇಕು, ನನಗೆ ಬೇಕಿದ್ದದ್ದು ಅದು.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆಟದಲ್ಲಿ ನಾವಿಬ್ಬರೇ ಇದ್ದೆವು. ಅವನ ಅಂಗಡಿಯಲ್ಲಿ ಕರೆಂಟು ಹೋಗಿತ್ತು.

“ನಿನಗೊಂದು ಹೇಳ್ಲೇನು?” ಎಂದ. “ಗಂಡಸರ ಮುಂದ ಹೇಳಾಕ ಆಗಂಗಿಲ್ಲ. ನೀ ಹುಡುಗಿ ಅದಿ ಅಂತ ಹೇಳಾಕತ್ತೀನಿ. ಮನ್ಯಾಗ ನನಗ ಕನ್ಯೆ ನೋಡಾಕತ್ತಾರ. ನನಗ ಹುಡುಗ್ಯಾರು ಬ್ಯಾಡ. ಹುಡುಗ್ರೇ ಸೇರ್ತಾರ. ಇದು ನಿನ್ನ ಬಿಟ್ರ ಯಾರಿಗೂ ಗೊತ್ತಿಲ್ಲ.”

ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವನು ಗುಟ್ಟು ಕೊಟ್ಟದ್ದು ನನಗಲ್ಲ, ಕೆಂಪು ಜಾಕೀಟಿನವಳಿಗೆ. ದುಡಿಯದ ಕೂಲಿಯನ್ನು ನಾನು ಎಂದೂ ಮುಟ್ಟಿದವನಲ್ಲ, ಇದನ್ನು ಹೇಗೆ ಇಟ್ಟುಕೊಳ್ಳಲಿ? “ಸರಿ” ಎಂದು ಒತ್ತಿ ಫೋನು ಆರಿಸಿದೆ.

ಆ ವಾರ ಕುಳಿತಲ್ಲಿ ಕೂರಲಾಗಲಿಲ್ಲ. ಒಂದು ದಿನ ಗದ್ದೆಯ ಒಂದೇ ಮಡಿಯನ್ನು ಮೂರು ಸಲ ಹೊಡೆದೆನಂತೆ. ಸಸಿ ಹಚ್ಚಲು ಬದುವಿನ ಮೇಲೆ ಕಾದು ನಿಂತಿದ್ದ ಹೆಂಗಸರಲ್ಲಿ ಹಿರಿಯವಳು ಕೂಗಿದಳು: “ಏ ಡ್ರೈವರಪ್ಪಾ! ನೆಲ್ಲು ಹಚ್ಚೋಣೋ, ಇಲ್ಲಾ ಈ ಕೆಸರು ಕುಡ್ಯೋಣೋ? ಯಾಕಿ ಕುಂತಾಳ ನಿನ್ನ ತಲ್ಯಾಗ?”

“ಯಾಕಿನೂ ಇಲ್ಲಬೇ ಯವ್ವಾ” ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಮರುದಿನ ನೀರು ಏರುವ ಹೊತ್ತಿಗೆ ಆಟ ತೆರೆದು ಅವನೊಬ್ಬನನ್ನೇ ಕರೆದೆ. ಮೈಕು ಒತ್ತಿದೆ.

“ನಾ ಹುಡುಗಿ ಅಲ್ಲ. ಗಂಡಸು. ಟ್ರ್ಯಾಕ್ಟರ್ ಹೊಡಿತೀನಿ.”

ಆ ಕಡೆ ಓಡುತ್ತಿದ್ದ ಜೆರಾಕ್ಸ್ ಯಂತ್ರವನ್ನು ಆರಿಸಿದ ಸದ್ದು ಕೇಳಿತು. ಆಮೇಲೆ ಅವನು ಕೇಳಿದ, “ಎಷ್ಟು ಬೇಕು?”

“ಏನು ಎಷ್ಟು?”

“ರೊಕ್ಕ. ನಮ್ಮ ಗೆಳೆಯಾಗ ಹಿಂಗ ಮಾಡಿದ್ರು. ಮಾತಾಡಿಸಿ, ರೆಕಾರ್ಡ್ ಮಾಡಿ, ಮನಿಗೆ ಕಳಿಸ್ತೀನಿ ಅಂತ ಹೆದರಿಸಿದ್ರು. ಎಷ್ಟು ಬೇಕು ಹೇಳು, ನಮ್ಮಪ್ಪಗ ಮಾತ್ರ ಹೇಳಬ್ಯಾಡ.”

ನನಗೆ ಸಿಟ್ಟು ನೆತ್ತಿಗೇರಿತು. “ಯಾರಿಗೆ ಅಂತಿ ಲೇ? ನಾ ದುಡಿದು ತಿನ್ನೋನು!” ಎಂದು ಕೂಗಿದೆ. ಅಷ್ಟರಲ್ಲಿ ಅವನು ತಂಡದಿಂದ ಹೊರಬಿದ್ದಿದ್ದ.

ಸಿಟ್ಟು ಸಂಜೆಯ ತನಕವೂ ಉಳಿಯಲಿಲ್ಲ. ಅವನು ಈಗ ಅಂಗಡಿಯಲ್ಲಿ ಹೇಗೆ ಕೂತಿದ್ದಾನೋ, ಅಪ್ಪನ ಫೋನು ಬಡಿದಾಗಲೆಲ್ಲ ಹೇಗೆ ನಡುಗುತ್ತಿದ್ದಾನೋ ಎಂದು ಯೋಚಿಸಿದೆ. ನಾನು ಅಂಥವನಲ್ಲ ಎಂದು ನೂರು ಸಲ ಬರೆದರೂ ಅವನು ನಂಬಬೇಕಾಗಿಲ್ಲ. ಹೆದರಿಸುವವರೂ ಅದನ್ನೇ ಬರೆಯುತ್ತಾರೆ.

ತಂಡ ಬಿಟ್ಟರೂ ಅವನು ಆಟದೊಳಗಿನ ಸಂದೇಶದ ದಾರಿ ಮುಚ್ಚಿರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ದನಿ ರೆಕಾರ್ಡ್ ಮಾಡಿದೆ. ನನ್ನ ಹೆಸರು, ಅಪ್ಪನ ಹೆಸರು, ಅರಕೇರಾದಲ್ಲಿ ನಮ್ಮ ಮನೆ ಎಲ್ಲಿದೆ, ಸಾಹುಕಾರರು ಯಾರು, ಟ್ರ್ಯಾಕ್ಟರಿನ ನಂಬರೇನು, ಎಲ್ಲ ಹೇಳಿದೆ. ಕೊನೆಗೆ, “ನನಗೂ ಗಂಡಸರೇ ಸೇರ್ತಾರ. ಇದನ್ನ ಇಟ್ಕೋ. ನಾ ನಿನಗ ಮೋಸ ಮಾಡಿದ್ರ ಊರಿಗೆಲ್ಲಾ ಕೇಳಿಸು.”

ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕಳಿಸಿದೆ.

ಅವನು ಕೇಳಿದ್ದಾನೆಂದು ಸ್ವಲ್ಪ ಹೊತ್ತಿಗೇ ಗುರುತು ಬಂತು. ಉತ್ತರ ಬರಲಿಲ್ಲ. ಒಂದು ದಿನ, ಎರಡು ದಿನ. ಊರಿಂದ ಅಣ್ಣನ ಫೋನು ಬಂದಾಗ ಆ ರೆಕಾರ್ಡು ಊರಿಗೆ ಮುಟ್ಟಿತೆಂದೇ ಅಂದುಕೊಂಡೆ. ಅಣ್ಣ “ಎಮ್ಮಿ ಈದೈತಿ ನೋಡೋ” ಎಂದು ಶುರು ಮಾಡಿದ ಮೇಲೆಯೇ ಉಸಿರು ಬಿಟ್ಟೆ. ಮೂರನೇ ದಿನ ಗಾಲಿ ತಪ್ಪಿ ಬದು ಒಡೆದು, ನೀರು ಪಕ್ಕದವರ ಗದ್ದೆಗೆ ನುಗ್ಗಿತು. ಅಂಥ ತಪ್ಪನ್ನು ನಾನು ಕಲಿಯುವಾಗಲೂ ಮಾಡಿರಲಿಲ್ಲ.

ನಾಲ್ಕನೇ ದಿನ ಬಂತು. “ಕೇಳಿದೆ. ಅಳಿಸೀನಿ. ನೀನೂ ಅಳಿಸು. ಇಂಥಾದ್ದು ಯಾರಿಗೂ ಕಳಿಸಬ್ಯಾಡ, ಹುಚ್ಚಪ್ಪಾ.”

ನಿಜ ಹೇಳಬೇಕೆಂದರೆ ಮೊದಲು ಬೇಜಾರಾಯಿತು. ಅಷ್ಟು ಧೈರ್ಯ ಮಾಡಿ ಕೊಟ್ಟದ್ದನ್ನು ಎಸೆದುಬಿಟ್ಟನಲ್ಲ! ಆಟದಲ್ಲೇ ಅವನನ್ನು ಕರೆದು, ಮೈಕು ಒತ್ತಿ ಕೇಳಿಯೇಬಿಟ್ಟೆ. “ಯಾಕ ಅಳಿಸಿದಿ? ಇಟ್ಕೋ ಅಂತ ಕಳಿಸಿದ್ದೆ. ಅದಿದ್ರ ನಿನಗ ನೆಮ್ಮದಿ ಆಗ್ತಿತ್ತು.”

“ನಿನ್ನ ಜೀವ ಕಿಸೇದಾಗ ಇಟ್ಕೊಂಡು ನಾ ಹೆಂಗ ತಿರುಗ್ಯಾಡ್ಲಿ?” ಎಂದ. ತಡೆದು ತಡೆದು ಮತ್ತೊಂದು ಮಾತು ಸೇರಿಸಿದ, “ರವಿವಾರ ಅಂಗಡಿ ಬಂದ್ ಇರ್ತದ.”

ನಾಟಿಯ ಸಮಯದಲ್ಲಿ ನಾನು ಎಂದೂ ರಜೆ ಕೇಳಿದವನಲ್ಲ. ಹೋಗಿ ಸಾಹುಕಾರರ ಮುಂದೆ ನಿಂತೆ.

“ರಾಯಚೂರಾಗ ನಿಮ್ಮೋರು ಯಾರದಾರಲೇ?”

“ಒಬ್ರು ಅದಾರ್ರಿ.”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಹೋಗು ಎಂದು ಕೈ ಬೀಸಿದರು.

ರವಿವಾರ ಮಾನ್ವಿಯಿಂದ ಹತ್ತಿದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿಯಿದ್ದವು. ನಾನು ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ಇದ್ದೆ. ಟಿಕೆಟು ಕೊಡಲು ಬಂದ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಕುಂದ್ರಪಾ. ನೀ ನಿಂತ್ರೇನು ಬಸ್ಸು ಜೋರ್ ಓಡಂಗಿಲ್ಲ.”